‘ಬೇರ್ಪಡಿಸು’ ಪದದೊಳಗೆ ಬೇರು ಇದೆಯೇ?

ಪ್ರಶ್ನೆ: ‘ಬೇರ್ಪಡಿಸು’ ಎಂದರೆ ಬೇರುಸಹಿತ ಕಿತ್ತು ತೆಗೆಯುವುದು, ಗಿಡದ ಬೇರಿನಿಂದಲೇ ಆ ಪದ ಬಂದಿದೆ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಸರಿಯೇ? ಅದರ ಬದಲು ಅಗಲಿಸು, ವಿಂಗಡಿಸು, ಬಿಡಿಸು, ವಿಭಜಿಸು ಎಂದು ಬರೆದರೂ ನಡೆಯುತ್ತದೆಯೇ?

ಉತ್ತರ: ಬೇರಿಗೂ ಬೇರ್ಪಡಿಸುವುದಕ್ಕೂ ನಂಟಿಲ್ಲ. ನಿಮಗೆ ಹಾಗೆ ತೋರಿದ್ದು ಸಹಜವೇ, ಏಕೆಂದರೆ ಅವೆರಡರ ವ್ಯತ್ಯಾಸವನ್ನು ಕಾಯುತ್ತಿದ್ದ ಅಕ್ಷರವೇ ಈಗ ಬಳಕೆಯಲ್ಲಿಲ್ಲ. ಹಳಗನ್ನಡದಲ್ಲಿ ಎರಡು ರಕಾರಗಳಿದ್ದವು: ಇಂದಿನ ‘ರ’, ಮತ್ತು ಶಕಟರೇಫ ಎನ್ನುವ ‘ಱ’. ಗಿಡದ್ದು ‘ಬೇರ್’, ಇನ್ನೊಂದು ಎಂಬರ್ಥದ್ದು ‘ಬೇಱೆ’. ಕಾಲ ಸರಿದಂತೆ ಱ ಉಚ್ಚಾರದಲ್ಲಿ ರಕಾರದೊಡನೆ ಬೆರೆತು, ಬರಹದಿಂದಲೂ ಮರೆಯಾಯಿತು. ತಮಿಳಿನ ಬರಹದಲ್ಲಿ ಆ ಗೆರೆ ಇನ್ನೂ ಅಳಿಸಿಲ್ಲ: ಬೇರಿಗೆ ‘ವೇರ್’, ಬೇರೆಗೆ ‘ವೇಱು’. ಕನ್ನಡದ ಪದಾದಿ ಬಕಾರಕ್ಕೆ ಅಲ್ಲಿ ವಕಾರ ಬರುವುದು ರೂಢಿ. ಬಿಲ್ಲಿಗೆ ‘ವಿಲ್’, ಬಾಯಿಗೆ ‘ವಾಯ್’ ಇದ್ದಂತೆ. ತೆಲುಗಿನಲ್ಲಿ ನಮ್ಮಂತೆಯೇ ಎರಡೂ ಬೆರೆತು ‘ವೇರು’ ಆಗಿವೆ.

ಹಾಗಾಗಿ ‘ಬೇರ್ಪಡು’ ಎಂದರೆ ಬೇರೆಯಾಗು. ಅದಕ್ಕೆ ‘ಇಸು’ ಹತ್ತಿದರೆ ಬೇರೆಯಾಗುವಂತೆ ಮಾಡು.

‘ಅಗಲು’ ನನಗೆ ಬಹಳ ಪ್ರಿಯವಾದ ಪದ. ಅಂಗೈಗಳೆರಡನ್ನೂ ಜೋಡಿಸಿ ನಿಧಾನವಾಗಿ ದೂರ ಸರಿಸಿ ನೋಡಿ. ಕೈಗಳು ಅಗಲಿದವು; ನಡುವೆ ಉಂಟಾದ ತೆರವೇ ‘ಅಗಲ’. ಉದ್ದ-ಅಗಲದ ಅಗಲ, ಅಗಲಿಕೆಯ ಅಗಲು, ಎರಡೂ ಒಂದೇ ಮೂಲದವು. ತಮಿಳಿನ ‘ಅಗಲ್’ ಪದಕ್ಕೂ ದೂರವಾಗು, ವಿಸ್ತಾರವಾಗು ಎಂಬ ಎರಡೂ ಅರ್ಥಗಳಿವೆ. ತೀರಿಕೊಂಡವರನ್ನು ‘ನಮ್ಮನ್ನಗಲಿದರು’ ಎನ್ನುವಾಗ ಆ ತೆರವು ಮಾತಿನಲ್ಲೇ ಕೇಳಿಸುತ್ತದೆ. ಕಣ್ಣಗಲಿಸಿ ನೋಡುತ್ತೇವೆ, ತಾಯಿ-ಮಗುವನ್ನು ಅಗಲಿಸಬೇಡಿ ಎನ್ನುತ್ತೇವೆ. ಆದರೆ ಮರಳಿನಲ್ಲಿ ಬೆರೆತ ಕಬ್ಬಿಣದ ಪುಡಿಯನ್ನು ಅಯಸ್ಕಾಂತ ಹಿಡಿದು ಎತ್ತಿದರೆ? ಅದನ್ನು ಅಗಲಿಸುವುದಿಲ್ಲ, ವಿಭಜಿಸುವುದೂ ಇಲ್ಲ, ಬೇರ್ಪಡಿಸುತ್ತೇವೆ.

ವಿಭಜಿಸುವುದು ಒಂದು ಇಡಿಯನ್ನು ಪಾಲುಮಾಡುವುದು. ಸಂಸ್ಕೃತದ ‘ಭಜ್’ ಧಾತುವಿಗೆ ಹಂಚು, ಪಾಲುಗೊಳ್ಳು ಎಂಬ ಅರ್ಥವಿದೆ. ಭಾಗ, ವಿಭಾಗ, ಭಕ್ತಿ ಎಲ್ಲವೂ ಅದರವೇ. ಬಿಡಿಸುವುದಕ್ಕೆ ಮೊದಲು ಸಿಕ್ಕೋ ಹಿಡಿತವೋ ಇರಬೇಕು: ಗಂಟು ಬಿಡಿಸು, ಜಗಳ ಬಿಡಿಸು. ವಿಂಗಡಿಸುವುದು ಗುಂಪಿನಲ್ಲಿರುವುದನ್ನು ಬಗೆಬಗೆಯಾಗಿ ಇಡುವುದು. ಬಂದ ಪತ್ರಗಳನ್ನು ಊರುವಾರು ಮಾಡಿದಂತೆ.

ಆದ್ದರಿಂದ ಒಂದರ ಬದಲು ಇನ್ನೊಂದನ್ನು ಕಣ್ಣುಮುಚ್ಚಿ ಹಾಕುವಂತಿಲ್ಲ. ಮಕ್ಕಳಿಗೆ ಬೇರಿನ ಕಥೆಯ ಬದಲು ಱಕಾರದ ಕಥೆ ಹೇಳಿ. ಜೊತೆಗೆ ‘ಹರಿ’ ಪದವನ್ನೂ ತೋರಿಸಿ: ನೀರು ಹರಿಯುವುದು ಹಳಗನ್ನಡದ ‘ಪರಿ’, ಬಟ್ಟೆ ಹರಿಯುವುದು ‘ಪಱಿ’.