ಸ್ಟಂಟ್‌ಗೆ ಸೆಟ್ ಮಾಡಿದ ಚಿಕ್ಕ ಆರ್‌ಸಿ (ರೇಡಿಯೊ ಕಂಟ್ರೋಲ್) ಹೆಲಿಕಾಪ್ಟರನ್ನು ಹೊಸಬರಿಗೆ ಪಳಗಿಸುವುದು ಹೇಗೆ?

ಕೋಆಕ್ಸಿಯಲ್, ಅಂದರೆ ಒಂದರ ಮೇಲೊಂದು ಎರಡು ರೋಟರ್ ಇರುವ ಹೆಲಿಕಾಪ್ಟರ್, ಹಾರಿಸಿ ಕೈ ಕುದುರಿದ ಮೇಲೆ, ಯಾರೋ ಬಳಸಿದ 6 ಚಾನೆಲ್ ಹೆಲಿಕಾಪ್ಟರ್ ಕೊಂಡಿದ್ದೀರಿ. ಫ್ಲೈಬಾರ್ (ರೋಟರನ್ನು ಸ್ಥಿರವಾಗಿಡುವ ತೂಕದ ಕಡ್ಡಿ) ಇಲ್ಲದ್ದು, ಕಲೆಕ್ಟಿವ್ ಪಿಚ್, ಅಂದರೆ ಬ್ಲೇಡ್‌ಗಳ ಓರೆಯನ್ನು (ಪಿಚ್) ಒಟ್ಟಿಗೆ ಬದಲಿಸಿ ಏರಿಳಿಯುವಂಥದ್ದು. ನೆಲ ಬಿಟ್ಟ ಕೂಡಲೇ ಎಡಕ್ಕೆ ಜಾರುತ್ತದೆ, ಬಾಲ ನಡುಗುತ್ತದೆ, ಸ್ಟಿಕ್ ಚೂರು ಅಲುಗಿದರೂ ಹುಚ್ಚೆದ್ದು ಓಡುತ್ತದೆ. "ನನ್ನ ಕೈಯೇ ಸರಿ ಇಲ್ಲವೇನೋ" ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಹಿಂದಿನವರು ಅದನ್ನು ತಲೆಕೆಳಗಾಗಿ ಹಾರಿಸಲು ಸೆಟ್ ಮಾಡಿಕೊಂಡಿರಬೇಕು. ಆ ಸೆಟ್ಟಿಂಗ್‌ನಲ್ಲಿ ಯಾವ ಹೊಸಬರು ಎತ್ತಿದರೂ ಕತೆ ಇಷ್ಟೇ. ಮೊದಲು ಯಂತ್ರವನ್ನು ಸೌಮ್ಯ ಮಾಡಿ, ಕಲಿಯುವುದು ಆಮೇಲೆ.

ಶುರು ಮಾಡುವ ಮೊದಲು ಮುಖ್ಯ ಬ್ಲೇಡ್‌ಗಳನ್ನು ಬಿಚ್ಚಿಡಿ. ಮೋಟರ್‌ನ ಮೂರು ವೈರ್‌ಗಳಲ್ಲಿ ಎರಡನ್ನು ಕಳಚಲು ಆಗುವುದಾದರೆ ಅದನ್ನೂ ಮಾಡಿ. ಮೇಜಿನ ಮೇಲೆ ಕೆಲಸ ಮಾಡುವಾಗ ಮೋಟರ್ ತಟ್ಟನೆ ತಿರುಗಿದರೆ ಬೆರಳಿಗೆ ಅಪಾಯ. ಟ್ರಾನ್ಸ್‌ಮಿಟರ್ ಯಾವಾಗಲೂ ಮೊದಲು ಆನ್, ಕೊನೆಗೆ ಆಫ್. ಬ್ಯಾಟರಿ ಜೋಡಿಸಿದ ಮೇಲೆ ಜೈರೋ (ಯಂತ್ರದ ತಿರುಗಾಟ ಗುರುತಿಸಿ ತಿದ್ದುವ ಸಾಧನ) ಸಿದ್ಧವಾಗುವ ತನಕ ಹೆಲಿಕಾಪ್ಟರನ್ನು ಮುಟ್ಟಬೇಡಿ.

ಈಗ ರೋಟರ್ ತಲೆಯ ಲೆವೆಲ್ ನೋಡಿ. ಕಲೆಕ್ಟಿವ್ ಸ್ಟಿಕ್ ಮಧ್ಯದಲ್ಲಿದ್ದಾಗ ಸರ್ವೋಗಳ (ಬ್ಲೇಡ್‌ಗಳ ಓರೆ ಬದಲಿಸುವ ಚಿಕ್ಕ ಮೋಟರ್‌ಗಳ) ಹಾರ್ನ್, ಅಂದರೆ ತೋಳು, ತನ್ನ ಲಿಂಕ್‌ಗೆ (ಜೋಡಿಸುವ ಕಡ್ಡಿಗೆ) 90 ಡಿಗ್ರಿಯಲ್ಲಿರಬೇಕು, ಸ್ವಾಶ್‌ಪ್ಲೇಟ್ (ಸರ್ವೋಗಳ ಚಲನೆಯನ್ನು ಬ್ಲೇಡ್‌ಗಳಿಗೆ ದಾಟಿಸುವ ತಟ್ಟೆ) ಮುಖ್ಯ ಶಾಫ್ಟ್‌ಗೆ ಲಂಬಕೋನದಲ್ಲಿರಬೇಕು. ಹಾರ್ನ್ ಸ್ವಲ್ಪ ಓರೆ ಇದ್ದರೆ ಸ್ಕ್ರೂ ತೆಗೆದು ಒಂದು ಹಲ್ಲು ಆಚೀಚೆ ಕೂರಿಸಿ. ಉಳಿದ ಚೂರನ್ನು ಸಬ್‌ಟ್ರಿಮ್‌ನಲ್ಲಿ (ಸರ್ವೋದ ಮಧ್ಯಬಿಂದು ಸರಿಸುವ ಸೆಟ್ಟಿಂಗ್) ಸರಿಮಾಡಿ. ನಿಮ್ಮದರಲ್ಲಿ ಜೈರೋ ಬೋರ್ಡ್‌ಗೇ ತನ್ನ ಸೆಟಪ್ ಮೆನು ಇದ್ದರೆ ಸಬ್‌ಟ್ರಿಮ್ ಅಲ್ಲೇ ಮಾಡಬೇಕು, ಟ್ರಾನ್ಸ್‌ಮಿಟರ್‌ನಲ್ಲಿ ಅಲ್ಲ. ಆಮೇಲೆ ಲಿಂಕ್‌ನ ಉದ್ದ ಹೊಂದಿಸಿ. ಈ ಕೆಲಸಕ್ಕೆ ಒಂದು ಸಂಜೆ ಹೋದರೂ ಹೋಗಲಿ. ಇಲ್ಲಿ ಸೊಟ್ಟ ಉಳಿದರೆ ಮುಂದಿನ ಯಾವ ಸೆಟ್ಟಿಂಗೂ ಸರಿಯಾಗಿ ಕೂರುವುದಿಲ್ಲ.

ಇನ್ನು ಪಿಚ್. ನಿಮ್ಮ ತೊಂದರೆಯ ದೊಡ್ಡ ಪಾಲು ಇಲ್ಲೇ ಇದೆ ಅಂತ ನನ್ನ ಅಂದಾಜು. ಸ್ಟಂಟ್ ಹಾರಾಟಕ್ಕೆ ಸ್ಟಿಕ್ ಮಧ್ಯದಲ್ಲಿ ಪಿಚ್ ಸೊನ್ನೆ ಡಿಗ್ರಿ, ಮೇಲೆ ಪ್ಲಸ್ 10ರ ಆಸುಪಾಸು, ಕೆಳಗೆ ಮೈನಸ್ 10ರ ಆಸುಪಾಸು ಇಡುತ್ತಾರೆ. ಅಂದರೆ ಸ್ಟಿಕ್ ಕೆಳಗೆಳೆದರೆ ಯಂತ್ರ ಇಳಿಯುವುದಿಲ್ಲ, ನೆಲಕ್ಕೆ ಅಪ್ಪಳಿಸುತ್ತದೆ. ನಿಮಗೆ ಬೇಕಾದದ್ದು ನಾರ್ಮಲ್ ಮೋಡ್‌ನಲ್ಲಿ ಬೇರೆಯದೇ ಪಿಚ್ ಕರ್ವ್ (ಸ್ಟಿಕ್‌ನ ಯಾವ ಜಾಗಕ್ಕೆ ಎಷ್ಟು ಪಿಚ್ ಅನ್ನುವ ಹೊಂದಿಕೆ): ಕೆಳಗೆ ಮೈನಸ್ 2, ಮಧ್ಯದಲ್ಲಿ ಪ್ಲಸ್ 5, ಮೇಲೆ ಪ್ಲಸ್ 9. ಬ್ಲೇಡ್‌ಗಳನ್ನು ಈ ಅಳತೆಗೆ ಮಾತ್ರ ಮತ್ತೆ ಹಾಕಿ, ಪಿಚ್ ಗೇಜ್ ಸಿಕ್ಕಿಸಿ ನೋಡಿ, ಕಣ್ಣಂದಾಜು ಬೇಡ. ಹೀಗಿಟ್ಟರೆ ಸ್ಟಿಕ್ ಅರ್ಧದ ಹತ್ತಿರ ಇರುವಾಗ ಹೋವರ್ ಆಗುತ್ತದೆ (ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತದೆ), ಕೆಳಗೂ ಮೇಲೂ ಸಾಕಷ್ಟು ಜಾಗ ಉಳಿಯುತ್ತದೆ.

ಥ್ರಾಟಲ್ ಕರ್ವ್ (ಸ್ಟಿಕ್‌ಗೆ ತಕ್ಕಂತೆ ಮೋಟರ್‌ಗೆ ಹೋಗುವ ಶಕ್ತಿ, ಶೇಕಡದಲ್ಲಿ) ಐದು ಬಿಂದುಗಳದ್ದಾದರೆ 0, 45, 70, 70, 70ರಿಂದ ಶುರು ಮಾಡಬಹುದು. ಹೋವರ್ ಸುತ್ತಮುತ್ತ ರೋಟರ್ ವೇಗ ಒಂದೇ ಸಮ ಇರಲಿ ಅನ್ನುವುದು ಇದರ ಉದ್ದೇಶ. ವೇಗ ಏರಿಳಿದರೆ ಬಾಲಕ್ಕೂ ಅದರ ಪೆಟ್ಟು ಬೀಳುತ್ತದೆ. ತೀರಾ ಕಡಿಮೆ ವೇಗದಲ್ಲಿ ಕಲಿಯುವುದು ಸುರಕ್ಷಿತ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ರೋಟರ್ ಸೋಮಾರಿಯಾದರೆ ಯಂತ್ರ ಗಾಳಿಯಲ್ಲಿ ತೇಲಾಡುತ್ತದೆ, ಸ್ಟಿಕ್‌ಗೆ ತಡವಾಗಿ ಸ್ಪಂದಿಸುತ್ತದೆ. ಮಾದರಿಯ ಕೈಪಿಡಿಯಲ್ಲಿ ಹೋವರ್ ವೇಗ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಐಡಲ್ ಅಪ್ ಸ್ವಿಚ್, ಅಂದರೆ ಸ್ಟಂಟ್ ಮೋಡ್‌ಗೆ ಹೋಗುವ ಸ್ವಿಚ್, ಗೊತ್ತಲ್ವಾ? ಸದ್ಯಕ್ಕೆ ಅದನ್ನು ನಿಷ್ಕ್ರಿಯ ಮಾಡಿ. ಆಗದಿದ್ದರೆ ಆ ಮೋಡ್‌ಗೂ ನಾರ್ಮಲ್‌ನ ಕರ್ವ್‌ಗಳನ್ನೇ ತುಂಬಿ. ಹಾಗೆ ಮಾಡದಿದ್ದರೆ, ಬೆರಳು ತಪ್ಪಿ ತಾಗಿದಾಗ ನೆಲದ ಮೇಲಿರುವಾಗಲೇ ಪೂರ್ತಿ ವೇಗ ಬಂದುಬಿಡುತ್ತದೆ. ಮೋಟರ್ ನಿಲ್ಲಿಸುವ ಥ್ರಾಟಲ್ ಹೋಲ್ಡ್ ಸ್ವಿಚ್ ಮಾತ್ರ ಸುಲಭವಾಗಿ ಬೆರಳಿಗೆ ಸಿಗುವ ಕಡೆ ಇರಲಿ. ಬೀಳುತ್ತಿದೆ ಅನ್ನಿಸಿದ ಕ್ಷಣ ಮೊದಲು ಅದನ್ನೇ ಒತ್ತಬೇಕು. ಬ್ಲೇಡ್ ನೆಲಕ್ಕೆ ಸಿಕ್ಕಿಕೊಂಡಾಗಲೂ ಮೋಟರ್‌ಗೆ ಕರೆಂಟ್ ಹರಿಯುತ್ತಿದ್ದರೆ ಗೇರ್ ಸವೆಯುತ್ತದೆ, ಸ್ಪೀಡ್ ಕಂಟ್ರೋಲರ್ ಸುಡುತ್ತದೆ.

ಸೈಕ್ಲಿಕ್‌ನ (ಹಿಂದೆ ಮುಂದೆ, ಎಡ ಬಲ ವಾಲಿಸುವ ನಿಯಂತ್ರಣದ) ಡ್ಯುಯಲ್ ರೇಟನ್ನು, ಅಂದರೆ ಸ್ಟಿಕ್‌ಗೆ ಸ್ಪಂದಿಸುವ ಒಟ್ಟು ಪ್ರಮಾಣವನ್ನು, ಶೇ 60ಕ್ಕೆ ಇಳಿಸಿ, ಎಕ್ಸ್‌ಪೋ (ಸ್ಟಿಕ್‌ನ ಮಧ್ಯಭಾಗವನ್ನು ಮೃದು ಮಾಡುವ ಸೆಟ್ಟಿಂಗ್) 25 ಕೊಡಿ. ಎಕ್ಸ್‌ಪೋದಲ್ಲಿ ಕೆಲವು ಟ್ರಾನ್ಸ್‌ಮಿಟರ್‌ಗಳಿಗೆ ಪ್ಲಸ್ ಅಂದರೆ ಮೃದು, ಕೆಲವಕ್ಕೆ ಮೈನಸ್ ಅಂದರೆ ಮೃದು. ಗ್ರಾಫ್ ನೋಡಿಕೊಳ್ಳಿ. ಮಧ್ಯದಲ್ಲಿ ಗೆರೆ ಚಪ್ಪಟೆಯಾಗಿದ್ದರೆ ಸರಿ.

ಜೈರೋ ಸರಿಯಾದ ದಿಕ್ಕಿಗೆ ತಿದ್ದುತ್ತಿದೆಯೇ ಅಂತ ಪರೀಕ್ಷೆ ಮಾಡದೆ ಹಾರಿಸಲೇಬೇಡಿ. ಮೊದಲು ರಡ್ಡರ್ ಸ್ಟಿಕ್ (ಮೂತಿ ತಿರುಗಿಸುವ ಸ್ಟಿಕ್) ಬಲಕ್ಕೆ ಒತ್ತಿ ಬಾಲದ ಬ್ಲೇಡ್ ಯಾವ ಕಡೆ ವಾಲುತ್ತದೆ ಅಂತ ನೋಡಿಟ್ಟುಕೊಳ್ಳಿ. ಆಮೇಲೆ ಸ್ಟಿಕ್ ಬಿಟ್ಟು, ಹೆಲಿಕಾಪ್ಟರ್‌ನ ಮೂತಿಯನ್ನು ಕೈಯಿಂದ ಪಟ್ಟನೆ ಎಡಕ್ಕೆ ತಿರುಗಿಸಿ. ಬಾಲದ ಬ್ಲೇಡ್ ಅದೇ ಕಡೆ, ಅಂದರೆ ಬಲ ರಡ್ಡರ್ ಕೊಟ್ಟಾಗ ಹೋದ ಕಡೆಗೆ ವಾಲಬೇಕು. ಉಲ್ಟಾ ಆದರೆ ಜೈರೋದಲ್ಲಿ ರಿವರ್ಸ್ ಮಾಡಿ. ಇಲ್ಲದಿದ್ದರೆ ನೆಲ ಬಿಟ್ಟೊಡನೆ ಬುಗುರಿ ಥರ ತಿರುಗುತ್ತದೆ. ಹಾಗೆಯೇ ಮೈಯನ್ನು ಮುಂದಕ್ಕೆ ಬಗ್ಗಿಸಿದರೆ ಸ್ವಾಶ್‌ಪ್ಲೇಟ್ ಹಿಂದಕ್ಕೆ ವಾಲಬೇಕು, ಬಲಕ್ಕೆ ಬಗ್ಗಿಸಿದರೆ ಎಡಕ್ಕೆ.

ಬಾಲ ನಡುಗುವುದಕ್ಕೆ ಮೊದಲ ಸಂಶಯ ಗೇನ್ ಮೇಲೆ, ಅಂದರೆ ಜೈರೋ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸೆಟ್ಟಿಂಗ್ ಮೇಲೆ. ಬಾಲ ಪಟಪಟ ವೇಗವಾಗಿ ಅಲ್ಲಾಡಿದರೆ ಗೇನ್ ಜಾಸ್ತಿಯಾಗಿದೆ, ಸ್ವಲ್ಪ ಸ್ವಲ್ಪವೇ ಇಳಿಸಿ. ಗೇನ್ ಎಷ್ಟು ಇಳಿಸಿದರೂ ನಿಲ್ಲದಿದ್ದರೆ ಬಾಲದ ಪಿಚ್ ಸ್ಲೈಡರ್ ಸರಾಗವಾಗಿ ಜಾರುತ್ತಿದೆಯೇ ಅಂತ ನೋಡಿ. ಲಿಂಕ್ ಕಳಚಿ ಬೆರಳಲ್ಲಿ ತಳ್ಳಿ ನೋಡಿದರೆ ಬಿಗಿ ಇರುವುದು ಗೊತ್ತಾಗುತ್ತದೆ. ಬೆಲ್ಟ್ ಇರುವ ಮಾದರಿಯಾದರೆ ಅದು ಸಡಿಲವಾಗಿರಲೂಬಹುದು.

ಎಡಕ್ಕೆ ಜಾರುವುದರ ಬಗ್ಗೆ: ಅದು ಪೂರ್ತಿ ದೋಷವಲ್ಲ. ಆರ್‌ಸಿ ಹೆಲಿಕಾಪ್ಟರ್‌ಗಳಲ್ಲಿ ಹೆಚ್ಚಿನವುಗಳ ರೋಟರ್ ಮೇಲಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಮೈ ಎದುರು ದಿಕ್ಕಿಗೆ ತಿರುಗದಂತೆ ಬಾಲದ ರೋಟರ್ ಎಡಕ್ಕೆ ತಳ್ಳುತ್ತಿರುತ್ತದೆ. ಆ ತಳ್ಳು ಇಡೀ ಯಂತ್ರವನ್ನೂ ಎಡಕ್ಕೆ ಒಯ್ಯುತ್ತದೆ. ಅದಕ್ಕೇ ಸ್ಥಿರವಾಗಿ ನಿಂತ ಹೆಲಿಕಾಪ್ಟರ್ ಚೂರು ಬಲಕ್ಕೆ ವಾಲಿಕೊಂಡೇ ಇರುತ್ತದೆ. ಕೋಆಕ್ಸಿಯಲ್‌ನಲ್ಲಿ ಎರಡು ರೋಟರ್ ಎದುರು ಬದುರು ತಿರುಗುವುದರಿಂದ ನಿಮಗೆ ಇದು ಹೊಸದು. ಇದನ್ನು ಟ್ರಾನ್ಸ್‌ಮಿಟರ್‌ನ ಟ್ರಿಮ್ ಬಟನ್‌ನಿಂದ ಸರಿಮಾಡಲು ಹೋಗಬೇಡಿ. ಫ್ಲೈಬಾರ್‌ಲೆಸ್ ಜೈರೋಗೆ ಟ್ರಿಮ್ ಅಂದರೆ "ನಿಧಾನವಾಗಿ ಉರುಳುತ್ತಲೇ ಇರು" ಅನ್ನುವ ಆದೇಶ. ಬಲಕ್ಕೆ ಸ್ವಲ್ಪ ಸ್ಟಿಕ್ ಕೊಟ್ಟು ವಾಲಿಸಿಕೊಂಡರೆ ಸಾಕು.

ಬ್ಯಾಟರಿ ಹಾಕಿ, ಬ್ಲೇಡ್‌ಗಳು ಮೈಗೆ ಅಡ್ಡವಾಗಿರುವಂತೆ ರೋಟರ್ ತಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರೆ ಮೈ ಸಮತಟ್ಟಾಗಿ ನಿಲ್ಲಬೇಕು. ಇಲ್ಲದಿದ್ದರೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ. ಬ್ಲೇಡ್ ಬೋಲ್ಟ್ ತೀರಾ ಬಿಗಿ ಬೇಡ. ಅಡ್ಡ ಹಿಡಿದಾಗ ಬ್ಲೇಡ್ ನಿಲ್ಲಬೇಕು, ಸ್ವಲ್ಪ ಕೊಡವಿದರೆ ಮಡಚಬೇಕು. ಬ್ಲೇಡ್ ತುದಿಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ ದೂರದಿಂದ ನೋಡಿ. ತಿರುಗುವಾಗ ಎರಡು ಬಣ್ಣ ಬೇರೆ ಬೇರೆ ಎತ್ತರದಲ್ಲಿ ಕಂಡರೆ ಒಂದರ ಲಿಂಕ್ ತಿರುಗಿಸಿ ಸಮ ಮಾಡಿ.

ಹಾರಿಸುವಾಗ ಟ್ರೈನಿಂಗ್ ಗೇರ್ ಕಟ್ಟಿ. ಅಡ್ಡಡ್ಡ ಕಡ್ಡಿ, ತುದಿಗೆ ಚೆಂಡು, ಅಷ್ಟೇ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಮಗುಚಿ ಬೀಳುವುದು ತಪ್ಪುತ್ತದೆ. ಗಾಳಿ ಇಲ್ಲದ ಹೊತ್ತು, ವಿಶಾಲ ಜಾಗ, ಜನ ದೂರ. ನೆಲಕ್ಕೆ ಹತ್ತಿರ ಸುಮ್ನೆ ತೆವಳಿಸಬೇಡಿ. ರೋಟರ್‌ನ ಅಗಲಕ್ಕಿಂತ ಕೆಳಗಿದ್ದಾಗ ಅದರದ್ದೇ ಗಾಳಿ ನೆಲಕ್ಕೆ ಬಡಿದು ಯಂತ್ರವನ್ನು ಅಲುಗಾಡಿಸುತ್ತದೆ. ದೃಢವಾಗಿ ಎತ್ತಿ, ಆ ಎತ್ತರ ದಾಟಿಸಿ. ಬಾಲ ನಿಮ್ಮ ಕಡೆ, ಕಣ್ಣು ಮೂತಿಯ ಮೇಲೆ. ಬಾಲ ನೋಡಿ ರಡ್ಡರ್ ಕೊಟ್ಟರೆ ಉಲ್ಟಾ ಆಗುತ್ತದೆ.

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯಾದರೆ ಸೆಲ್ ಒಂದಕ್ಕೆ ಪೂರ್ತಿ ಚಾರ್ಜ್ 4.2 ವೋಲ್ಟ್, ತೆಗೆದಿಡುವಾಗ 3.8. ಟೈಮರ್ ಹಾಕಿ, ಪೂರ್ತಿ ಬಸಿಯುವ ಮೊದಲೇ ಇಳಿಸಿ. ಉಬ್ಬಿದ್ದನ್ನು ಬಳಸಬೇಡಿ, ಚಾರ್ಜ್ ಆಗುವಾಗ ಬಿಟ್ಟುಹೋಗಬೇಡಿ.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಬರೆದಿಟ್ಟುಕೊಳ್ಳಿ. ನೀವು ಆಗಲೇ ಕೆಲವು ಸಲ ಬೀಳಿಸಿದ್ದೀರಿ ಅಂತ ಬರೆದಿದ್ದೀರಿ. ಹಾಗಿದ್ದರೆ ಈ ಎಲ್ಲದಕ್ಕಿಂತ ಮುಂಚೆ ಬ್ಲೇಡ್ ಗ್ರಿಪ್‌ಗಳ ನಡುವಿನ ಫೆದರಿಂಗ್ ಶಾಫ್ಟ್ ಹೊರಗೆ ತೆಗೆದು ಗಾಜಿನ ಮೇಲೆ ಉರುಳಿಸಿ. ಸ್ವಲ್ಪ ಎಗರಿದರೂ ಅದು ಬಾಗಿದೆ, ನೆಟ್ಟಗೆ ಮಾಡಲು ಹೋಗದೆ ಹೊಸದು ಹಾಕಿ.