ಎರಡು ಕಿಲೋಮೀಟರ್ ಅಂತರದಲ್ಲಿ ಎರಡು ಸರ್ಕಾರಿ ಶಾಲೆ: ಒಂದಕ್ಕೆ ಬಂದ ಹಣ ಇನ್ನೊಂದಕ್ಕೆ ಯಾಕೆ ಬರಲಿಲ್ಲ?

ಮೈಸೂರಿನಿಂದ ವರ್ಗವಾಗಿ ಕಾಸರಗೋಡಿಗೆ ಬಂದಿದ್ದೇವೆ, ಪೇಟೆಯ ಸರ್ಕಾರಿ ಶಾಲೆಗೆ ಹೊಸ ಕಟ್ಟಡ ಎದ್ದಿದೆ, ಮನೆ ಹತ್ತಿರದ ಕನ್ನಡ ಶಾಲೆ ಮಾತ್ರ ಸೋರುತ್ತಿದೆ, ಎರಡೂ ಒಂದೇ ಸರ್ಕಾರದ್ದಲ್ಲವೇ, ಮಗಳನ್ನು ಅಲ್ಲಿಗೆ ಸೇರಿಸಬಹುದೇ ಎಂದು ಕೇಳಿದ್ದೀರಿ. ಅಂಥದ್ದೇ ಒಂದು ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಪಿಟಿಎಯಲ್ಲಿ, ಅಂದರೆ ಪೋಷಕ-ಶಿಕ್ಷಕರ ಸಂಘದಲ್ಲಿ, ನಾನು ನಾಲ್ಕು ವರ್ಷ ಇದ್ದೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಕಲಿತರು. ಶಾಲೆಯ ಹೆಸರು ಬೇಡ, ಕಂಡದ್ದನ್ನು ಹೇಳುತ್ತೇನೆ.

ಸರ್ಕಾರದಲ್ಲಿ ಹಣವಿಲ್ಲ ಅಂತ ಅಲ್ಲ. 2017ರಲ್ಲಿ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞ ಎಂಬ ಸರ್ಕಾರಿ ಯೋಜನೆ ಶುರುವಾದ ಮೇಲೆ ಕೇರಳದ ಶಾಲೆಗಳಿಗೆ ಬಂದಷ್ಟು ಹಣ ನನ್ನ ನೆನಪಿನಲ್ಲಿ ಹಿಂದೆಂದೂ ಬಂದಿರಲಿಲ್ಲ. ಆದರೆ ಅದನ್ನು ಹಂಚಿದ ಕ್ರಮ ನೋಡಿ. ಕಿಫ್‌ಬಿ (ಕೇರಳ ಸರ್ಕಾರದ ಮೂಲಸೌಕರ್ಯ ನಿಧಿ ಮಂಡಳಿ) ಹಣದಲ್ಲಿ ಒಂದು ವಿಧಾನಸಭಾ ಕ್ಷೇತ್ರಕ್ಕೆ ಒಂದು ಶಾಲೆ ಆರಿಸಿ ಅದಕ್ಕೆ 5 ಕೋಟಿ. 1000ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ 3 ಕೋಟಿ. 500 ದಾಟಿದ್ದರೆ 1 ಕೋಟಿ. ನಮ್ಮಲ್ಲಿ ಆಗ ಇದ್ದದ್ದು 64 ಮಕ್ಕಳು. ಕೊನೆಯ ಸಾಲಿನಲ್ಲಿ ನಿಲ್ಲುವುದಕ್ಕೂ ನಮಗೆ ಇನ್ನು ನಾನೂರಕ್ಕೂ ಹೆಚ್ಚು ಮಕ್ಕಳು ಬೇಕಿತ್ತು.

ಸಣ್ಣ ಶಾಲೆ ಉಳಿಯುವುದು ಪಂಚಾಯತ್ ಕೈಯಲ್ಲಿ. ಇಲ್ಲಿ ಸರ್ಕಾರಿ ಎಲ್‌ಪಿ, ಯುಪಿ (ಹಿರಿಯ ಪ್ರಾಥಮಿಕ) ಶಾಲೆಗಳ ಕಟ್ಟಡ ನೋಡಿಕೊಳ್ಳುವುದು ಗ್ರಾಮ ಪಂಚಾಯತ್, ಹೈಸ್ಕೂಲುಗಳದ್ದು ಜಿಲ್ಲಾ ಪಂಚಾಯತ್, ಪೇಟೆಯೊಳಗಿನ ಶಾಲೆಗಳದ್ದು ನಗರಸಭೆ. ಅಂಗಡಿ, ಲಾಡ್ಜು, ಆಸ್ಪತ್ರೆಗಳ ತೆರಿಗೆ ಬರುವ ಪೇಟೆಗೂ ಅಡಿಕೆ ತೋಟ ಮತ್ತು ಗುಡ್ಡೆಯೇ ಹೆಚ್ಚಾಗಿರುವ ಪಂಚಾಯತ್‌ಗೂ ಸ್ವಂತ ವರಮಾನ ಒಂದೇ ಆಗುವುದಿಲ್ಲ. ನಿಮ್ಮ ಮನೆ ಗಡಿಯ ಆಚೆಗೋ ಈಚೆಗೋ ಎನ್ನುವುದರ ಮೇಲೆ ಮಗಳ ತಲೆಯ ಮೇಲಿನ ಮಾಡು ನಿಂತಿದೆ.

ಮಾಡಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಮೂರನೇ ಕ್ಲಾಸಿನ ನೆಲದಲ್ಲಿ ಟೀಚರು ಚಾಕ್‌ಪೀಸಿನಿಂದ ಏಳು ವೃತ್ತ ಎಳೆದಿಟ್ಟಿದ್ದರು. ಹನಿ ಬೀಳುವ ಜಾಗ ಅವು. ಜಡಿಮಳೆಯ ಆಟಿ ತಿಂಗಳಿಡೀ ಬೆಂಚುಗಳನ್ನು ಆ ವೃತ್ತಗಳ ನಡುವೆ ಹೊಂದಿಸಬೇಕು. ಗಾಳಿ ತಿರುಗಿದರೆ ಎಂಟನೆಯದು. ಮಕ್ಕಳಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಮಳೆಯ ಬೊಬ್ಬೆ ಕೇಳಿದ ಕೂಡಲೇ ಯಾರೂ ಹೇಳದೆ ಎದ್ದು ಬೆಂಚು ಎಳೆಯುತ್ತಿದ್ದರು. ಎಂಟು ವರ್ಷದ ಮಕ್ಕಳು ಅದನ್ನು ಕಲಿಯಬೇಕಾಗಿ ಬಂದದ್ದು ನನಗೆ ಇವತ್ತಿಗೂ ಸಂಕಟ. ಕೊನೆಗೆ ಪಿಟಿಎಯವರೇ ಕೆಡವಿದ ಹಳೆಮನೆಯೊಂದರ ಹಂಚು ತಂದು, ಮಾಡಿನ ಗೆದ್ದಲು ಹಿಡಿದ ಮರದ ಪಕ್ಕಾಸು, ರೀಪು ಬದಲಿಸಿ ಹೊದಿಸಿದೆವು. ಪೇಟೆಯ ಶಾಲೆಯ ಹಳೆ ವಿದ್ಯಾರ್ಥಿಗಳು ದುಬೈಯಿಂದ ಹಣ ಕಳಿಸಬಲ್ಲರು. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬೀಡಿ ಕಟ್ಟಿದವರು, ತೋಟಕ್ಕೆ ಕೂಲಿಗೆ ಹೋದವರು. ಅವರು ಕೊಟ್ಟದ್ದು ಎರಡು ಭಾನುವಾರದ ಕೆಲಸ.

ಇದ್ದವರಿಗೇ ಮತ್ತೆ ಸಿಗುವ ಹಾಗೆಯೇ ನಿಯಮಗಳೂ ಇವೆ. ಹೈಟೆಕ್ ಕ್ಲಾಸ್‌ರೂಮಿಗೆ ಪ್ರೊಜೆಕ್ಟರ್ ಬರಬೇಕಾದರೆ ಮೊದಲು ಕೋಣೆ ಗಟ್ಟಿ ಇರಬೇಕು, ಕರೆಂಟು, ಬೀಗ ಹಾಕುವ ಬಾಗಿಲು ಇರಬೇಕು. ಯಂತ್ರ ಹಾಳಾಗಬಾರದೆಂಬ ಕಾಳಜಿ ಸರಿಯೇ. ಆದರೆ ಕೋಣೆ ಗಟ್ಟಿ ಇಲ್ಲದ ಶಾಲೆಗೆ ಕೋಣೆಯೂ ಇಲ್ಲ, ಪ್ರೊಜೆಕ್ಟರೂ ಇಲ್ಲ. ಅನುದಾನಿತ ಶಾಲೆಗಳಲ್ಲಿ ಸಂಬಳ ಸರ್ಕಾರದ್ದು, ಕಟ್ಟಡ ಮ್ಯಾನೇಜರರದ್ದು. ಈ ಕಡೆಯ ಎಷ್ಟೋ ಕನ್ನಡ ಶಾಲೆಗಳು ಅಂಥವು. ಮ್ಯಾನೇಜರರಿಗೆ ಆಸಕ್ತಿ ಇಲ್ಲದಿದ್ದರೆ ಮುಗಿಯಿತು.

ಇನ್ನು ಮಕ್ಕಳು ಯಾಕೆ ಕಡಿಮೆ? 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರೆಯಾಗಿ ಈ ತಾಲೂಕು ಕೇರಳಕ್ಕೆ ಸೇರಿತು. ಆಮೇಲೆ ಕೆಲಸ, ಅರ್ಜಿ, ಪರೀಕ್ಷೆ ಎಲ್ಲದಕ್ಕೂ ಮಲಯಾಳ ಬೇಕಾಯಿತು. ತಂದೆತಾಯಿ ಮಕ್ಕಳ ಹೊಟ್ಟೆಪಾಡು ನೋಡಿದರೆ ತಪ್ಪೆನ್ನಲಾರೆ. ಆದರೆ ಕನ್ನಡ ಕ್ಲಾಸಿಗೆ ಕನ್ನಡ ಬಾರದ ಟೀಚರನ್ನು ಕಳಿಸಿದ್ದನ್ನು ತಪ್ಪೆನ್ನುತ್ತೇನೆ. ಒಂದು ವರ್ಷ ನಮಗೆ ಹಾಗಾಯಿತು. ಪಾಪ, ಒಳ್ಳೆಯ ಹೆಂಗಸು, ಕಷ್ಟಪಟ್ಟರು. ಭಾಗಾಕಾರ ಕಲಿಸುವಾಗ ಅವರು ‘ಶಿಷ್ಟಂ’ ಎಂದರೆ ಮಕ್ಕಳಿಗೆ ಗೊತ್ತಿದ್ದದ್ದು ‘ಶೇಷ’. ಮಗ ಮನೆಗೆ ಬಂದು “ಅಮ್ಮ, ಶಿಷ್ಟ ಅಂದ್ರೆ ಎಂತ?” ಎಂದು ಕೇಳಿದ. ಅವನ ಪುಸ್ತಕದಲ್ಲಿ ಲೆಕ್ಕ ಅರ್ಧಕ್ಕೇ ನಿಂತಿತ್ತು. ಮುಂದಿನ ಜೂನಿಗೆ ಆ ಕ್ಲಾಸಿನಿಂದ ಐದು ಮಕ್ಕಳು ಟಿಸಿ ತೆಗೆದುಕೊಂಡು ಹೋದರು. ಶಾಲೆ ಬಡವಾದ್ದರಿಂದ ಮಕ್ಕಳು ಹೋದರು, ಮಕ್ಕಳು ಹೋದದ್ದರಿಂದ ಹಣ ಬರಲಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹಣ ಮಕ್ಕಳ ತಲೆ ಎಣಿಸಿ ಬರುತ್ತದೆ, ಶಾಲೆಯ ಕೊರತೆ ಎಣಿಸಿ ಬರುವುದಿಲ್ಲ. 64 ಮಕ್ಕಳ ಶಾಲೆಗೆ ಅದರ ಸೋರುವ ಮಾಡನ್ನು ನೋಡಿ ಹಣ ಕೊಡಬೇಕು ಎಂದು ನಾನು ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿನಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಸೇರಿಸಬಹುದೇ ಎಂದರೆ, ಮೊದಲು ಹೋಗಿ ಮೂರು ವಿಷಯ ಕೇಳಿ. ಕಟ್ಟಡದ ಫಿಟ್‌ನೆಸ್ ಸರ್ಟಿಫಿಕೇಟ್ ಈ ವರ್ಷದ್ದು ಉಂಟಾ, ಟೀಚರುಗಳೆಲ್ಲ ಕನ್ನಡ ಬಲ್ಲವರಾ, ಅವರಲ್ಲಿ ಕಾಯಂ ಎಷ್ಟು, ದಿನಗೂಲಿ ಎಷ್ಟು. ಫಿಟ್‌ನೆಸ್ ಇಲ್ಲದಿದ್ದರೆ ಖಂಡಿತ ಸೇರಿಸಬೇಡಿ, ಯಾವ ಅಭಿಮಾನಕ್ಕೂ ಮಗುವಿನ ಜೀವ ಒಡ್ಡುವುದು ಬೇಡ. ಉಳಿದದ್ದು ಪರವಾಗಿಲ್ಲ ಅನಿಸಿದರೆ ಶಾಲೆ ತೆರೆದ ಮೊದಲ ವಾರದಲ್ಲೇ ಸೇರಿಸಿ. ಆರನೇ ಕೆಲಸದ ದಿನದ ಲೆಕ್ಕ ಹಿಡಿದೇ ಆ ವರ್ಷದ ಟೀಚರ್ ಹುದ್ದೆಗಳು ನಿಗದಿಯಾಗುವುದು. ಏಳನೇ ದಿನ ಬಂದ ಮಗು ಆ ಲೆಕ್ಕಕ್ಕಿಲ್ಲ. ಐದನೇ ದಿನ ರಾತ್ರಿ ಟಾರ್ಚ್ ಹಿಡಿದು ಮನೆಮನೆಗೆ ಹೋಗಿ ಇನ್ನೊಂದು ಮಗು ಉಂಟಾ ಎಂದು ನಾವು ಕೇಳಿದ್ದುಂಟು.

ಮತ್ತೆ, ಗ್ರಾಮಸಭೆಗೆ ಬನ್ನಿ. ನಮ್ಮ ವಾರ್ಡಿನಲ್ಲಿ ರಸ್ತೆ ಕಾಂಕ್ರೀಟಿಗೆ ಇಪ್ಪತ್ತು ಕೈ ಏಳುತ್ತಿತ್ತು, ಶಾಲೆಗೆ ಎರಡೋ ಮೂರೋ. ರಿಪೇರಿ ಬೇಕೆಂದು ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಟ್ಟು, ನಡಾವಳಿ ಪುಸ್ತಕದಲ್ಲಿ ಸೇರಿಸಿದ್ದಾರಾ ಎಂದು ಅಲ್ಲೇ ನಿಂತು ಓದಿಸಿ. ನಮ್ಮ ಶೌಚಾಲಯ ಬಂದದ್ದು ಹಾಗೆ, ಮೂರನೇ ವರ್ಷಕ್ಕೆ.