ಹಾರ್ಷಮ್‌ಗೆ ಬರುತ್ತಿರುವವರಿಗೆ: ಆ ಕತ್ತರಿಸದ ಹುಲ್ಲಿನ ಬಗ್ಗೆ

ಮುಂದಿನ ತಿಂಗಳು ಇಂಗ್ಲೆಂಡಿನ ಹಾರ್ಷಮ್‌ಗೆ ಬರ್ತಿದ್ದೀರಿ, ವಿಡಿಯೋದಲ್ಲಿ ನೋಡಿದ ಬಾಡಿಗೆ ಮನೆಯ ಹಿತ್ತಲಲ್ಲಿ ಹುಲ್ಲು ಮೊಣಕಾಲುದ್ದ ಇತ್ತು, ಪಕ್ಕದ ಮನೆಯವರದೂ ಹಾಗೇ, ಕೇಳಿದರೆ 'ರೀವೈಲ್ಡಿಂಗ್' (ನೆಲವನ್ನು ಮತ್ತೆ ಪ್ರಕೃತಿಯ ಪಾಡಿಗೆ ಬಿಡೋದು) ಅಂದರು, ಇದು ದುಡ್ಡಿದ್ದವರ ಶೋಕಿಯಾ ಅಂತ ಕೇಳಿದ್ದೀರಿ. ಶೋಕಿ ಅಲ್ಲ. ಶಾಲೆ, ಬಾಡಿಗೆ, ದಿನಸಿ ಅಂಗಡಿ ವಿಚಾರಿಸಿದ ಹಾಗೆ ಇದನ್ನೂ ತಿಳಿದುಕೊಂಡೇ ಬನ್ನಿ.

ಬಂದ ಮೇಲೆ ಮೊದಲು ರೀವೈಲ್ಡಿಂಗ್ ಮಾಡಿದ ನೆಪ್ ಎಸ್ಟೇಟ್ ನೋಡಿ. ಎ24 ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುತ್ತದೆ, ಸುಮಾರು 3,500 ಎಕರೆ. ಚಾರ್ಲಿ ಬರೆಲ್, ಇಸಬೆಲಾ ಟ್ರೀ ದಂಪತಿಯ ಜಮೀನು. ಈ ಸಸೆಕ್ಸ್ ಪ್ರದೇಶದ ಜೇಡಿಮಣ್ಣು ಚಳಿಗಾಲದ ಮಳೆಯಲ್ಲಿ ಟ್ರ್ಯಾಕ್ಟರ್ ಇಳಿಯಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರಿದು ಗಟ್ಟಿಯಾಗುತ್ತದೆ. ಎಷ್ಟು ಗೊಬ್ಬರ, ಔಷಧಿ ಸುರಿದರೂ ನಷ್ಟವೇ. ಕೊನೆಗೆ ಹೈನು ಹಸು, ಯಂತ್ರ ಎಲ್ಲ ಮಾರಿ, ಒಳಬೇಲಿ ಕಿತ್ತು, ಲಾಂಗ್‌ಹಾರ್ನ್ ದನ, ಎಕ್ಸ್‌ಮೂರ್ ಕುದುರೆ, ಟ್ಯಾಮ್‌ವರ್ತ್ ಹಂದಿ, ಜಿಂಕೆಗಳನ್ನು ಬಿಟ್ಟರು. ಇಲ್ಲಿಂದ ಅಳಿದುಹೋದ ಕಾಡುದನ, ಕಾಡುಹಂದಿಗಳ ಕೆಲಸವನ್ನು ಇವು ಮಾಡಲಿ ಅಂತ.

ಹಂದಿಯನ್ನೇ ಸ್ವಲ್ಪ ಹೊತ್ತು ನಿಂತು ನೋಡಿ. ಮೂತಿ ಹಾಕಿ ಹುಲ್ಲನ್ನು ಬೇರು ಸಮೇತ ಮಗುಚುತ್ತದೆ. ಒದ್ದೆ ಮಣ್ಣು ಹೊರಗೆ ಬರುತ್ತದೆ. ಗಾಳಿಗೆ ತೇಲಿಬಂದ ಸ್ಯಾಲೋ (ವಿಲ್ಲೋ ಜಾತಿಯ) ಗಿಡದ ಬೀಜ ಆ ಬರೀ ಮಣ್ಣಿನಲ್ಲೇ ಮೊಳೆಯೋದು. ಸ್ಯಾಲೋ ಎಲೆ ತಿಂದೇ ಪರ್ಪಲ್ ಎಂಪರರ್ ಚಿಟ್ಟೆಯ ಮರಿಹುಳು ಬೆಳೆಯುವುದು. ಚಿಟ್ಟೆ ತರಬೇಕು ಅಂತ ಯಾರೂ ಯೋಜನೆ ಹಾಕಿರಲಿಲ್ಲ, ಹಂದಿ ಬಿಟ್ಟರು, ಆ ಅಪರೂಪದ ಚಿಟ್ಟೆ ತಾನಾಗಿ ಬಂತು. ಮುಳ್ಳುಪೊದೆಗೂ ಕೆಲಸ ಇದೆ. ಜೇ ಹಕ್ಕಿ ಹೂತಿಟ್ಟು ಮರೆತ ಓಕ್ ಬೀಜ ಮುಳ್ಳಿನ ಮಧ್ಯೆ ಮೊಳೆತರೆ ಜಿಂಕೆ ಬಾಯಿಗೆ ಸಿಗುವುದಿಲ್ಲ. 2020ರಲ್ಲಿ ಅಲ್ಲಿ ಬಿಳಿ ಕೊಕ್ಕರೆಗಳು ಓಕ್ ಮರದ ಮೇಲೆ ಮರಿ ಮಾಡಿದವು, ಬ್ರಿಟನ್ನಿನಲ್ಲಿ ಶತಮಾನಗಳ ನಂತರ.

ಅಕ್ಕಪಕ್ಕದವರು ಸುಮ್ನೆ ಇರಲಿಲ್ಲ. ಅನ್ನ ಬೆಳೆಯೋ ಭೂಮಿ ಹಾಳು ಮಾಡಿದರು, ರ್‍ಯಾಗ್‌ವರ್ಟ್ ಕಳೆ ಹಬ್ಬಿಸಿದರು ಅಂತ ದೂರಿದರು. ಅನ್ನದ ಮಾತು ನನಗೂ ದೊಡ್ಡದೇ. ಒಳ್ಳೆ ಫಸಲು ಕೊಡೋ ನೆಲವನ್ನು ಹೀಗೆ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಕೊಡಲಾರದ ನೆಲವನ್ನು ಹಿಂಡುತ್ತಲೇ ಇರಬೇಕಾ?

ಎಲ್ಲವನ್ನೂ ನಾವೇ ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಅನ್ನೋ ಹಠ ಬಿಡುವುದು, ನನ್ನ ಪ್ರಕಾರ ರೀವೈಲ್ಡಿಂಗ್ ಅಂದರೆ ಇಷ್ಟೇ. ಮನುಷ್ಯರು ಹೊರಗೆ ಹೋಗಿ ಅಂತಲ್ಲ. ನೆಪ್‌ನ ಒಳಗೇ ಸಾರ್ವಜನಿಕ ಕಾಲುದಾರಿಗಳಿವೆ, ಜನ ಮಕ್ಕಳನ್ನು ಕರೆದುಕೊಂಡು ನಡೆಯುತ್ತಾರೆ.

ನೀವು ಸಕಲೇಶಪುರದವರು ಅಂದಿರಿ. ಆನೆ ಗದ್ದೆಗೆ ಇಳಿದ ರಾತ್ರಿ ಹೇಗಿರುತ್ತದೆ ಅಂತ ನಿಮಗೆ ಯಾರೂ ಹೇಳಬೇಕಿಲ್ಲ. ಇಲ್ಲಿಯವರು ತೋಳ, ದೊಡ್ಡ ಕಾಡುಬೆಕ್ಕು ಲಿಂಕ್ಸ್‌ಗಳನ್ನು ಎಂದೋ ಮುಗಿಸಿದ್ದಾರೆ, ಆಮೇಲೆ ಬೀವರ್ (ತೊರೆಗೆ ಅಣೆಕಟ್ಟು ಕಟ್ಟುವ ಪ್ರಾಣಿ) ವಾಪಸ್ ತರಬೇಕಾ ಬೇಡ್ವಾ ಅಂತ ವರ್ಷಗಟ್ಟಲೆ ಚರ್ಚೆ ಮಾಡಿದ್ದಾರೆ. ನಮ್ಮ ಕಾಡಂಚಿನ ಬಡವರು ದೊಡ್ಡ ಪ್ರಾಣಿಗಳ ಜೊತೆ ಬದುಕುವ ಭಾರವನ್ನು ದಿನಾ ಹೊರುತ್ತಿದ್ದಾರೆ. ಮಾತು ಬಂದಾಗ ಇದನ್ನು ಹೇಳಿ, ಕೊಡಗಿನ ದೇವರಕಾಡಿನ ಬಗ್ಗೆಯೂ ಹೇಳಿ, ಸಂಕೋಚ ಬೇಡ. ಕೇಳುವವರು ಇಲ್ಲಿದ್ದಾರೆ.

ಮನೆ ವಿಷಯಕ್ಕೆ ಬಂದರೆ, ಬಾಡಿಗೆ ಕರಾರಿನಲ್ಲಿ ಹಿತ್ತಲ ಬಗ್ಗೆ ಏನು ಬರೆದಿದೆ ನೋಡಿ, ಮಾಲೀಕರನ್ನು ಕೇಳಿಯೇ ಹುಲ್ಲು ಬಿಡಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬೇಲಿಗಿಡ ಕತ್ತರಿಸಬೇಡಿ, ಹಕ್ಕಿ ಗೂಡು ಇರುತ್ತವೆ. ಮಾಲೀಕರು ಒಪ್ಪಿದರೆ ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ತೂತು ಮಾಡಿಸಿ, ಹೆಡ್ಜ್‌ಹಾಗ್ (ಮೈಯೆಲ್ಲ ಮುಳ್ಳಿರುವ ಪುಟ್ಟ ಪ್ರಾಣಿ) ಓಡಾಡಲು ಅಷ್ಟು ಸಾಕು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು, ಮನೆಯೊಳಗೇ ಕೂತರೆ ಮನಸ್ಸು ಕುಗ್ಗುತ್ತದೆ, ಮಳೆ ಇದ್ದರೂ ಮಧ್ಯಾಹ್ನವೇ ಒಂದು ಸುತ್ತು ನಡೆಯಿರಿ. ಬೇಸಿಗೆಯಲ್ಲಿ ಎತ್ತರದ ಹುಲ್ಲಿನಲ್ಲಿ ನಡೆದು ಬಂದರೆ ಮಕ್ಕಳ ಕಾಲಲ್ಲಿ ಉಣ್ಣೆ ಹುಳು (ಟಿಕ್) ಕಚ್ಚಿದೆಯಾ ಅಂತ ತಪ್ಪದೆ ನೋಡಿ, ಲೈಮ್ ಕಾಯಿಲೆ ಅದರಿಂದಲೇ ಬರೋದು.

ಮೇ ತಿಂಗಳಲ್ಲಿ ನೈಟಿಂಗೇಲ್ ಹಕ್ಕಿಯ ಹಾಡು ಕೇಳಲು ನಾವು ನೆಪ್‌ಗೆ ಹೋಗುತ್ತೇವೆ, ನೀವೂ ಬನ್ನಿ. ಗಮ್‌ಬೂಟ್ಸ್ ಮಾತ್ರ ಊರಿಂದ ಹೊತ್ತು ತರಬೇಡಿ, ಇಲ್ಲೇ ಸಿಗುತ್ತವೆ.